ಕಾಗದ ಕ್ಲೀನ್ ಇದೆ ಸರಿ, ಗಾಡಿ ಅಡಿಗೆ ಬಗ್ಗಿ ನೋಡಿದವರು ಯಾರು?

ಊರಿನಲ್ಲಿ ನಮ್ಮವರು ಹಳೇ ಗಾಡಿ ಕೊಳ್ಳುವ ಚಂದ ನೋಡಬೇಕು. ಹತ್ತು ವರ್ಷ ಓಡಿದ ಬೊಲೆರೊಗೆ ಮುಂಗಡ ಕೊಡುವ ಮೊದಲು ಪರಿಚಯದ ಮೆಕ್ಯಾನಿಕ್ ಬರಬೇಕು. ಅವನು ಬಾನೆಟ್ ಎತ್ತಿ, ಆಯಿಲ್ ಕ್ಯಾಪ್ ಬಿಚ್ಚಿ ಹೊಗೆ ನೋಡಬೇಕು. ಬಾಗಿಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಮೇಲೆ ಬೆರಳಾಡಿಸಬೇಕು. 'ಸಿಂಗಲ್ ಓನರ್, ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ ಸಾರ್' ಎಂದು ಬ್ರೋಕರ್ ಹೇಳಿದರೆ ಯಾರೂ ನಂಬುವುದಿಲ್ಲ. ಅದೇ ಜನ ಅಮೆರಿಕಕ್ಕೆ ಬಂದು ನಾಲ್ಕು ವರ್ಷ ಆಗಲಿ, ಸಾವಿರ ಮೈಲಿ ಆಚೆಯ ಡೀಲರ್ ಹತ್ತಿರ ಬರೀ ಫೋಟೊ ನೋಡಿ ಪಿಕಪ್ ಟ್ರಕ್ ಕೊಳ್ಳುತ್ತಾರೆ. ಯಾಕಪ್ಪಾ ಅಂದರೆ, 'ಕಾರ್‌ಫ್ಯಾಕ್ಸ್ ಕ್ಲೀನ್ ಇದೆಯಲ್ಲ' ಎನ್ನುತ್ತಾರೆ. ಗಾಡಿಯ ಹಿಂದಿನ ಅಪಘಾತ, ಒಡೆತನದ ಚರಿತ್ರೆಯನ್ನೆಲ್ಲಾ ಒಟ್ಟುಮಾಡಿ ಕೊಡುವ ಕಂಪನಿಯ ವರದಿ ಅದು.

ಇದು ನನಗೆ ಹಿಡಿಸದ ಮಾತು. ಇಲ್ಲಿನ ವ್ಯವಸ್ಥೆ ಕೆಟ್ಟದ್ದು ಅಂತಲ್ಲ. ಎಷ್ಟೋ ವಿಷಯಗಳಲ್ಲಿ ನಮ್ಮದಕ್ಕಿಂತ ಚೆನ್ನಾಗಿದೆ. ಆದರೆ ಅದರ ಮೇಲೆ ಭಾರ ಹಾಕಿ ಅನುಮಾನ ಪಡುವುದನ್ನೇ ಬಿಟ್ಟುಬಿಡುತ್ತೇವಲ್ಲ, ಅದು ಸರಿಯಲ್ಲ.

ನಾನಿರುವುದು ಒಹಾಯೋ ರಾಜ್ಯದ ಕ್ಲೀವ್‌ಲೆಂಡ್ ಹತ್ತಿರ. ಇಲ್ಲಿಯವರು ಹಳೇ ಟ್ರಕ್‌ಗೆ ಟೆಕ್ಸಸ್, ಅರಿಜೋನಾ ಕಡೆ ನೋಡುವುದಕ್ಕೆ ಒಂದೇ ಕಾರಣ, ಉಪ್ಪು. ಚಳಿಗಾಲದಲ್ಲಿ ಹಿಮ ಕರಗಲಿ ಎಂದು ರಸ್ತೆಗೆ ಟನ್‌ಗಟ್ಟಲೆ ಉಪ್ಪು ಸುರಿಯುತ್ತಾರೆ. ಅದಕ್ಕೆ ದೂರ ಹೋಗುವುದೂ ಬೇಡ, ಈರಿ ಸರೋವರದ ತಳದಿಂದ ಸುಮಾರು 1,800 ಅಡಿ ಕೆಳಗೆ ನಮ್ಮೂರಲ್ಲೇ ಉಪ್ಪಿನ ಗಣಿ ಇದೆ. ಆ ಉಪ್ಪುನೀರು ಗಾಡಿಯ ಹೊಟ್ಟೆಗೆ ಹೊಡೆದು ಹೊಡೆದು, ಎಂಟು ಹತ್ತು ವರ್ಷದಲ್ಲಿ ಫ್ರೇಮ್, ಅಂದರೆ ಇಡೀ ಗಾಡಿ ಹೊರುವ ಅಡಿಯ ಚೌಕಟ್ಟು, ಹಪ್ಪಳದ ಹಾಗೆ ಪದರ ಬಿಡುತ್ತದೆ. ಮೇಲೆ ಬಣ್ಣ ಫಳಫಳ, ಕೆಳಗೆ ಸುತ್ತಿಗೆ ತಾಗಿಸಿದರೆ ತೂತು. ಟೊಯೊಟಾ ಟಕೋಮಾ ಎಂದರೆ ಇಲ್ಲಿ ಕಣ್ಣುಮುಚ್ಚಿ ಕೊಳ್ಳುವ ಹೆಸರು. ಆ ಟಕೋಮಾದ 2005ರಿಂದ 2010ರ ಮಾಡೆಲ್‌ಗಳ ಫ್ರೇಮ್ ತುಕ್ಕಿನ ಕೇಸು ಕೋರ್ಟಿಗೆ ಹೋಗಿ, ಕಂಪನಿ ಫ್ರೇಮ್‌ಗಳನ್ನು ಪರೀಕ್ಷಿಸಿ ಬದಲಿಸಿಕೊಡಲು ಒಪ್ಪಬೇಕಾಯಿತು. ಫೋರ್ಡ್ ಎಫ್-150ಗೆ 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ ಬಾಡಿ ಬಂತು, ಇನ್ನು ತುಕ್ಕಿನ ಚಿಂತೆ ಇಲ್ಲ ಎಂದು ನಮ್ಮ ಗೆಳೆಯರೇ ಹೇಳುತ್ತಾರೆ. ಬಾಡಿ ಅಲ್ಯೂಮಿನಿಯಂ ಸರಿ, ಫ್ರೇಮ್ ಈಗಲೂ ಕಬ್ಬಿಣದ್ದೇ, ಅಂದರೆ ಸ್ಟೀಲು.

ಹಾಗಾಗಿ ದಕ್ಷಿಣದ ಗಾಡಿ ಹುಡುಕುವುದು ಜಾಣತನವೇ. ತೊಡಕು ಏನೆಂದರೆ, ದಕ್ಷಿಣದಲ್ಲಿ ಉಪ್ಪಿಲ್ಲ, ನೀರಿದೆ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ ಲಕ್ಷಗಟ್ಟಲೆ ವಾಹನಗಳು ಮುಳುಗಿದವು. 2022ರಲ್ಲಿ ಫ್ಲಾರಿಡಾದಲ್ಲಿ ಇಯನ್ ಬಂದಾಗಲೂ ಅದೇ ಕಥೆ. ಮುಳುಗಿದ ಗಾಡಿಗೆ ವಿಮೆ ಕ್ಲೇಮ್ ಆದರೆ ಅದರ ಟೈಟಲ್ ಮೇಲೆ 'ಸಾಲ್ವೇಜ್' ಅಥವಾ 'ಫ್ಲಡ್' ಎಂಬ ಮುದ್ರೆ ಬೀಳುತ್ತದೆ. ಟೈಟಲ್ ಎಂದರೆ ನಮ್ಮ ಆರ್‌ಸಿಯಂಥದ್ದು, ರಾಜ್ಯ ಸರ್ಕಾರ ಕೊಡುವ ಒಡೆತನದ ಪತ್ರ. ಒಂದೊಂದು ರಾಜ್ಯದ ನಿಯಮ ಒಂದೊಂದು ತರ. ಒಂದು ಕಡೆ ಮುದ್ರೆ ಬಿದ್ದ ಗಾಡಿಯನ್ನು ಎರಡು ಮೂರು ರಾಜ್ಯ ಸುತ್ತಿಸಿ ಹೊಸ ಟೈಟಲ್ ಮಾಡಿಸಿ ಮುದ್ರೆ ಅಳಿಸುವ ದಂಧೆಗೆ ಇಲ್ಲಿ 'ಟೈಟಲ್ ವಾಷಿಂಗ್' ಎಂದೇ ಹೆಸರಿದೆ. ಇದನ್ನು ತಡೆಯಲು ಇಡೀ ದೇಶಕ್ಕೆ ಒಂದು ಕೇಂದ್ರ ದಾಖಲೆ ವ್ಯವಸ್ಥೆ ಮಾಡಿದ್ದಾರೆ. ವಿಮಾ ಕಂಪನಿಗಳು, ಗುಜರಿಯವರು ಅದಕ್ಕೆ ಮಾಹಿತಿ ಕೊಡಲೇಬೇಕು. ಅದೇನೋ ಒಳ್ಳೆಯದು. ಆದರೆ ಮುಳುಗಿದ ಗಾಡಿಗೆ ಫುಲ್ ಇನ್ಶೂರೆನ್ಸೇ ಇಲ್ಲದಿದ್ದರೆ? ಯಜಮಾನ ತಾನೇ ಒಣಗಿಸಿ, ಕಾರ್ಪೆಟ್ ಬದಲಿಸಿ ಮಾರಿದರೆ? ಕ್ಲೇಮ್ ಇಲ್ಲ, ದಾಖಲೆ ಇಲ್ಲ, ಕಾರ್‌ಫ್ಯಾಕ್ಸ್ ಸ್ವಚ್ಛ. ಯಾರಾದರೂ ಹೇಳಿದ್ದರೆ ತಾನೇ ಅದಕ್ಕೆ ಗೊತ್ತಾಗುವುದು? ಬಂಪರ್ ಗುದ್ದಿಸಿಕೊಂಡು ಪಕ್ಕದ ಗ್ಯಾರೇಜಿನಲ್ಲಿ ನಗದು ಕೊಟ್ಟು ರಿಪೇರಿ ಮಾಡಿಸಿದ್ದು ಅದರಲ್ಲಿ ಬರುವುದಿಲ್ಲ.

ನಾನು ಟ್ರಕ್ ಹುಡುಕುವಾಗ ಹ್ಯೂಸ್ಟನ್ ಕಡೆಯ ಒಬ್ಬ ಡೀಲರ್ ಫೋನಿನಲ್ಲಿ ಬಹಳ ಚೆನ್ನಾಗಿ ಮಾತಾಡಿದ. ಊರಿನ ಹೆಸರು ಕೇಳಿದ, ಬೆಂಗಳೂರಿನ ಹವಾಮಾನ ಹೊಗಳಿದ. ಎಲ್ಲ ಆದ ಮೇಲೆ, 'ನನ್ನ ಕಡೆಯಿಂದ ಒಬ್ಬ ಮೆಕ್ಯಾನಿಕ್ ಬಂದು ನೋಡುತ್ತಾನೆ' ಎಂದೆ. ಅಲ್ಲಿಗೆ ಸ್ವರ ಬದಲಾಯಿತು. ಇನ್ಶೂರೆನ್ಸ್ ತೊಂದರೆ, ಲಿಫ್ಟ್ ಖಾಲಿ ಇಲ್ಲ, ನಾಳೆ ಇನ್ನೊಬ್ಬರು ಕೊಳ್ಳಲು ಬರುತ್ತಿದ್ದಾರೆ. ಸರಿ, ಅವರೇ ಕೊಳ್ಳಲಿ ಎಂದು ಫೋನ್ ಇಟ್ಟೆ. ಗಾಡಿ ಕೆಟ್ಟದಿತ್ತೋ ಇಲ್ಲವೋ, ಅದನ್ನು ತಿಳಿದುಕೊಳ್ಳುವ ಗರಜೂ ನನಗಿರಲಿಲ್ಲ. ನೋಡಲು ಬಿಡದವನ ಹತ್ತಿರ ಕೊಳ್ಳಬಾರದು ಎನ್ನುವುದು ಮಂಡ್ಯದಲ್ಲಿ ಮಕ್ಕಳಿಗೂ ಗೊತ್ತು.

ಡಲ್ಲಾಸ್ ಹತ್ತಿರದ ಇನ್ನೊಬ್ಬ ಡೀಲರ್ ನೋಡಲು ಬಿಟ್ಟ. ಇಲ್ಲಿ ಇದಕ್ಕೇ ಅಂತ ಸ್ವತಂತ್ರ ಮೆಕ್ಯಾನಿಕ್‌ಗಳು ಇರುತ್ತಾರೆ. ಇನ್ನೂರು ಡಾಲರ್ ಆಸುಪಾಸು ಕೊಟ್ಟರೆ ಡೀಲರ್ ಅಂಗಳಕ್ಕೇ ಹೋಗಿ ಪರೀಕ್ಷಿಸಿ, ಫೋಟೊ, ವಿಡಿಯೊ ಕಳಿಸುತ್ತಾರೆ. ನಾನು ಹಿಡಿದವನು ಕೆಲಸಗಾರ. ಅವನ ಫೋಟೊಗಳಲ್ಲಿ ಹೊರಗಿನ ಹೊಳಪು ಒಂದೂ ಇರಲಿಲ್ಲ. ಹಿಂದಿನ ಆಕ್ಸಲ್ ಮೇಲೆ ಫ್ರೇಮ್ ಬಾಗುವ ಜಾಗ, ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್, ಬಿಡಿ ಚಕ್ರ ನೇತುಹಾಕುವ ಕಡೆ, ಬ್ರೇಕ್ ಪೈಪು. ಎಲ್ಲೆಲ್ಲಿ ತುಕ್ಕು ಮೊದಲು ಬರುತ್ತದೋ ಅಲ್ಲೆಲ್ಲಾ ಟಾರ್ಚ್ ಬಿಟ್ಟು ತೆಗೆದಿದ್ದ. ಆಮೇಲೆ ಒಂದು ವಿಡಿಯೊ. ಡ್ರೈವರ್ ಸೀಟ್ ಬೆಲ್ಟ್ ಹಿಡಿದು ನಿಧಾನಕ್ಕೆ ಎಳೆಯುತ್ತಾ ಹೋದ, ಸುರುಳಿ ಪೂರ್ತಿ ಮುಗಿಯುವ ತನಕ. ಕೊನೆಯ ಒಂದಡಿ ಬೆಲ್ಟ್ ಕ್ಯಾಮೆರಾ ಹತ್ತಿರ ಹಿಡಿದ. ನೀರಲ್ಲಿ ನಿಂತಿದ್ದ ಗಾಡಿಯಾದರೆ ಆ ಜಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ ಬದಲಿಸುವವರು ಬೆಲ್ಟಿನ ತುದಿ ತೊಳೆಯಲು ಹೋಗುವುದಿಲ್ಲ. ಇದರಲ್ಲಿ ಗೆರೆ ಇರಲಿಲ್ಲ. ಸೀಟಿನ ಅಡಿಯ ಬೋಲ್ಟುಗಳಿಗೆ ತುಕ್ಕು ಇರಲಿಲ್ಲ. ನಾಲ್ಕೂ ಚಕ್ರ ಎಳೆಯುವ ಫೋರ್-ವೀಲ್ ಲೋ ಗೇರು ಹಾಕಿ ಅಂಗಳದಲ್ಲೇ ಒಂದು ಸುತ್ತು ಹೊಡೆದ. ಟೆಕ್ಸಸ್‌ನಲ್ಲಿ ಎರಡೇ ಚಕ್ರ ಎಳೆಯುವ ಟ್ರಕ್‌ಗಳು ಜಾಸ್ತಿ, ಕಡಿಮೆ ಬೆಲೆಗೆ ಸಿಕ್ಕಿತು ಎಂದು ಅದನ್ನು ಕೊಂಡು ತಂದರೆ ಕ್ಲೀವ್‌ಲೆಂಡ್ ಹಿಮದಲ್ಲಿ ಮನೆ ಮುಂದೆಯೇ ಜಾರುತ್ತಾ ನಿಲ್ಲಬೇಕಾಗುತ್ತದೆ.

ಇಷ್ಟು ಮಾಡಿದ್ದು ಊರಿನ ಮೆಕ್ಯಾನಿಕ್ ಮಾಡುವ ಕೆಲಸವನ್ನೇ. ವ್ಯತ್ಯಾಸ ಏನೆಂದರೆ ಅಲ್ಲಿ ಟೀ, ದೋಸೆ ಮತ್ತು ಸಲುಗೆ, ಇಲ್ಲಿ ಕ್ರೆಡಿಟ್ ಕಾರ್ಡ್. ನನ್ನ ಕೇಳಿದರೆ ಕಾರ್ಡೇ ಮೇಲು. ಸಲುಗೆಯ ಮೆಕ್ಯಾನಿಕ್‌ಗೆ ಬ್ರೋಕರ್ ಕಡೆಯಿಂದಲೂ ಕಮಿಷನ್ ಹೋಗುತ್ತದೆ ಎಂಬ ಗುಟ್ಟು ಊರಿಗೆಲ್ಲಾ ಗೊತ್ತಿರುವುದೇ, ಅಲ್ವಾ?

ಕಾಗದದ ಕಡೆಗೆ ಬರೋಣ. ಇಲ್ಲಿ ಡೀಲರ್ ಮಾರುವ ಪ್ರತಿ ಹಳೇ ಗಾಡಿಯ ಗಾಜಿಗೆ 'ಬೈಯರ್ಸ್ ಗೈಡ್' ಎಂಬ ಹಾಳೆ ಅಂಟಿಸಿರಬೇಕು. 1985ರಿಂದ ಇರುವ ಕೇಂದ್ರದ ನಿಯಮ ಇದು. ವಾರಂಟಿ ಇದೆಯೋ, ಅಥವಾ 'ಆಸ್ ಈಸ್', ಅಂದರೆ ಇದ್ದದ್ದು ಇದ್ದ ಹಾಗೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದೋ ಅದರಲ್ಲಿ ಟಿಕ್ ಮಾಡಿರುತ್ತಾರೆ. ವ್ಯಾಪಾರ ಸ್ಪ್ಯಾನಿಷ್‌ನಲ್ಲಿ ನಡೆದರೆ ಹಾಳೆಯನ್ನೂ ಸ್ಪ್ಯಾನಿಷ್‌ನಲ್ಲಿ ಕೊಡಬೇಕು. ಕನ್ನಡದ ಭಾಗ್ಯ ಇನ್ನೂ ಬಂದಿಲ್ಲ. ದೂರದಿಂದ ಕೊಳ್ಳುವವರಿಗೆ ಈ ಹಾಳೆ ಕಣ್ಣಿಗೇ ಬೀಳುವುದಿಲ್ಲ, ಅದು ಸಾವಿರ ಮೈಲಿ ಆಚೆ ಗಾಜಿನ ಮೇಲೆ ಇರುತ್ತದೆ. ಅದರ ಫೋಟೊ ಮೊದಲೇ ತರಿಸಿಕೊಳ್ಳಿ. ಇನ್ನೊಂದು ತಪ್ಪು ನಂಬಿಕೆ, 'ಮೂರು ದಿನದೊಳಗೆ ವಾಪಸ್ ಕೊಡಬಹುದು' ಎನ್ನುವುದು. ಮನೆ ಬಾಗಿಲಿಗೆ ಬಂದು ಸಾಮಾನು ಮಾರುವವರಿಗಾಗಿ ಮಾಡಿದ ನಿಯಮ ಅದು. ಡೀಲರ್ ಅಂಗಡಿಯಲ್ಲಿ ಕೊಂಡ ಗಾಡಿಗೆ ಹೊಂದುವುದಿಲ್ಲ. ಸಹಿ ಹಾಕಿದರೆ ಮುಗಿಯಿತು.

ಬೆಲೆ ಕೇಳುವಾಗ ಒಂದೇ ಪ್ರಶ್ನೆ ಸಾಕು, 'ಔಟ್ ದ ಡೋರ್ ಎಷ್ಟು?', ಅಂದರೆ ಎಲ್ಲ ಸೇರಿ ಕೊನೆಗೆ ಕೊಡಬೇಕಾದ್ದು ಎಷ್ಟು? ಜಾಹೀರಾತಿನ ಬೆಲೆಗೂ ಅದಕ್ಕೂ ಅಜಗಜಾಂತರ. ಡಾಕ್ ಫೀ ಎಂದು ಕಾಗದ ಪತ್ರದ ಖರ್ಚು ಸೇರಿಸುತ್ತಾರೆ. ಫ್ಲಾರಿಡಾದಲ್ಲಿ ಅದಕ್ಕೆ ಮಿತಿಯೇ ಇಲ್ಲ. ಟಯರಿಗೆ ನೈಟ್ರೋಜನ್, ಗಾಜಿನ ಮೇಲೆ ನಂಬರ್ ಕೊರೆದಿದ್ದು, ಬಣ್ಣಕ್ಕೆ ರಕ್ಷಣೆ ಎಂದು ನಾವು ಕೇಳದೇ ಇರುವುದನ್ನೆಲ್ಲಾ ಹಾಕಿ ಸಾವಿರ ಎರಡು ಸಾವಿರ ಡಾಲರ್ ಏರಿಸುತ್ತಾರೆ. ನಮ್ಮ ಶೋರೂಮ್‌ಗಳ 'ಹ್ಯಾಂಡ್ಲಿಂಗ್ ಚಾರ್ಜ್', 'ಟೆಫ್ಲಾನ್ ಕೋಟಿಂಗ್' ಅಮೆರಿಕಕ್ಕೆ ಬಂದು ಸೂಟು ಹಾಕಿಕೊಂಡಿದೆ ಅಷ್ಟೇ. ಆನ್‌ಲೈನಲ್ಲಿ ನಿಜವಾದ ಡೀಲರ್ ಹೆಸರನ್ನೇ ಕದ್ದು ನಕಲಿ ವೆಬ್‌ಸೈಟ್ ತೆರೆದು ಹಣ ಹೊಡೆಯುವವರೂ ಇದ್ದಾರೆ. ದುಡ್ಡು ಕಳಿಸುವ ಮೊದಲು ಆ ರಾಜ್ಯದ ಮೋಟಾರು ಇಲಾಖೆಯಲ್ಲಿ ಡೀಲರ್ ಲೈಸೆನ್ಸ್ ಹುಡುಕಿ, ಅಲ್ಲಿಂದಲೇ ಫೋನ್ ನಂಬರ್ ಹುಡುಕಿಕೊಳ್ಳುವುದು ಕ್ಷೇಮ.

ಊರಿಗೆ ಫೋನ್ ಮಾಡಿ 'ಪಿಕಪ್ ತಗೊಂಡೆ' ಎಂದಾಗ ಅಪ್ಪ ಕೇಳಿದ ಮೊದಲ ಮಾತು, 'ಬಾಡಿಗೆ ಎಷ್ಟು ಸಿಗುತ್ತದೆ?' ಅವರ ಮಟ್ಟಿಗೆ ಪಿಕಪ್ ಎಂದರೆ ಹಳದಿ ಬೋರ್ಡು, ಪರ್ಮಿಟ್ಟು, ಎಫ್‌ಸಿ, ಮದ್ದೂರಿನ ಎಳನೀರು ಅಥವಾ ಕೋಲಾರದ ಟೊಮೇಟೊ. ದುಡಿಯಬೇಕಾದ ಗಾಡಿಯನ್ನು ಸುಮ್ನೆ ಮನೆ ಮುಂದೆ ನಿಲ್ಲಿಸಿ, ವಾರಕ್ಕೊಮ್ಮೆ ತೋಟಕ್ಕೆ ಗೊಬ್ಬರ ತರುವ ಸಂಸಾರ ಎಂಥದ್ದು ಎಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ರಾಜ್ಯೋತ್ಸವಕ್ಕೆ ಕನ್ನಡ ಕೂಟದ ಸ್ಟೇಜ್ ಸಾಮಾನು ಹೇರುವಾಗ ಮಾತ್ರ ಎಲ್ಲರಿಗೂ ನನ್ನ ನಂಬರ್ ನೆನಪಾಗುತ್ತದೆ.

ಇನ್ನು ಹೊರರಾಜ್ಯದ ಗಾಡಿ ವಿಷಯದಲ್ಲಿ ಕರ್ನಾಟಕದ್ದು ಹೇಗೆ ನೋಡಿ. ಡೆಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಆದೇಶಗಳು ಬಂದ ಮೇಲೆ ಅಲ್ಲಿನ ಹಳೇ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಇಳಿದವು. ಕೊಂಡವರಿಗೆ ಆಮೇಲೆ ಪರದಾಟ. ಫಾರ್ಮ್ 28ರಲ್ಲಿ ಎನ್‌ಒಸಿ ತರಬೇಕು, ಹೆಸರು ಬದಲಿಸಲು ಫಾರ್ಮ್ 29 ಮತ್ತು 30, ಸಾಲ ಇದ್ದಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35. ಎಷ್ಟೋ ಜನ ಮಾರಿದವನ ಸಹಿ ಇರುವ ಖಾಲಿ ಫಾರ್ಮ್ ಇಟ್ಟುಕೊಂಡೇ ವರ್ಷಗಟ್ಟಲೆ ಓಡಿಸುತ್ತಾರೆ. ಗಾಡಿ ಕೈ ಬದಲಾಗುತ್ತಾ ಹೋಗುತ್ತದೆ, ಆರ್‌ಸಿಯಲ್ಲಿ ಹೆಸರು ಮಾತ್ರ ಮೊದಲಿನವನದೇ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನ ಮೇಲೆಯೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಳೇ ಗಾಡಿ ಡೀಲರ್‌ಗಳು ಆರ್‌ಟಿಒ ಅನುಮತಿ ಪಡೆದಿರಬೇಕು, ಗಾಡಿ ತಮ್ಮ ಕೈಗೆ ಬಂದಾಗ ತಿಳಿಸಬೇಕು ಎಂಬ ನಿಯಮ ಜಾರಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ತಡವಾಯಿತು, ಆದರೂ ಬೇಕಿತ್ತು.

ಒಹಾಯೋದಲ್ಲಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚು ಬಂದದ್ದು ತೆರಿಗೆಯ ವಿಷಯದಲ್ಲಿ. ಗಾಡಿ ಕೊಂಡದ್ದು ಟೆಕ್ಸಸ್‌ನಲ್ಲಿ, ತೆರಿಗೆ ಕಟ್ಟಿದ್ದು ನನ್ನ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಲೆಕ್ಕದಲ್ಲಿ, ಶೇಕಡ 8. ಹೊರರಾಜ್ಯದ ಟೈಟಲ್ ಆದ್ದರಿಂದ ಮೊದಲು ಗಾಡಿಯ ನಂಬರ್ ತಪಾಸಣೆ ಆಗಬೇಕು. ಕೌಂಟರಿನ ಹೆಂಗಸು ಹಲಗೆಯಲ್ಲಿ ಕಾಗದ ಸಿಕ್ಕಿಸಿಕೊಂಡು ಹೊರಗೆ ಬಂದಳು. ಮುಂದಿನ ಗಾಜಿನ ಮೂಲೆಯಲ್ಲಿದ್ದ ಹದಿನೇಳು ಅಕ್ಷರದ ನಂಬರನ್ನು ಒಂದೊಂದಾಗಿ ಓದಿ ಬರೆದುಕೊಂಡಳು, ಮೀಟರ್ ನೋಡಿದಳು, ಸಹಿ ಹಾಕಿದಳು. ಆ ಹಾಳೆ ಹಿಡಿದು ಟೈಟಲ್ ಕಚೇರಿಗೆ ಹೋದೆ. ಟೆಕ್ಸಸ್ ಟೈಟಲ್ ಒಳಗೆ, ಒಹಾಯೋ ಟೈಟಲ್ ಹೊರಗೆ. ಏಜೆಂಟ್ ಇಲ್ಲ, ಜೆರಾಕ್ಸ್ ಅಂಗಡಿ ಇಲ್ಲ.

ಹೈದರಾಬಾದಿನಿಂದ ಬೆಂಗಳೂರಿಗೆ ವರ್ಗವಾದ ನನ್ನ ಸ್ನೇಹಿತನ ಕಥೆ ಬೇರೆ. ಅಲ್ಲಿ ಜೀವಾವಧಿ ತೆರಿಗೆ ಕಟ್ಟಿದ್ದ. ಹನ್ನೆರಡು ತಿಂಗಳು ದಾಟಿ ಬೆಂಗಳೂರಿನಲ್ಲೇ ಉಳಿದರೆ ಹೊಸ ನಂಬರ್ ಬೇಕು, ಅದಕ್ಕೆ ಕರ್ನಾಟಕದ ತೆರಿಗೆ ಮತ್ತೆ ಕಟ್ಟಬೇಕು. ನಮ್ಮದು ದೇಶದಲ್ಲೇ ದುಬಾರಿ ಪಟ್ಟಿಯ ತೆರಿಗೆ. ಮೊದಲು ಕಟ್ಟಿದ್ದರ ಉಳಿಕೆಯನ್ನು ಅಲ್ಲಿಂದ ವಾಪಸ್ ಪಡೆಯಬಹುದು ಎಂದು ನಿಯಮ ಹೇಳುತ್ತದೆ. ಅವನು ಇನ್ನೂ ಅದರ ಹಿಂದೆ ಓಡಾಡುತ್ತಿದ್ದಾನೆ. 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿ, ಅಂದರೆ ರಾಜ್ಯ ಬದಲಾದರೂ ನಡೆಯುವ ನಂಬರ್, ಇದಕ್ಕೆ ಮದ್ದು ಎಂದರು. ಅದು ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ರಾಜ್ಯಗಳಲ್ಲಾದರೂ ಕಚೇರಿ ಇರುವ ಕಂಪನಿಗಳ ಉದ್ಯೋಗಿಗಳಿಗೆ. ಸ್ವಂತ ಅಂಗಡಿ ಇಟ್ಟುಕೊಂಡವನು, ರೈತ, ಚಿಕ್ಕ ಕಂಪನಿಯಲ್ಲಿ ಕೆಲಸ ಮಾಡುವವನು ಹೊರಗೇ ಉಳಿದರು. ಎರಡು ರಾಜ್ಯಗಳ ಖಜಾನೆ ಮಾತಾಡಿಕೊಂಡು ಮುಗಿಸಬೇಕಾದ ಲೆಕ್ಕಕ್ಕೆ ಗಾಡಿಯ ಯಜಮಾನ ಯಾಕೆ ರಜೆ ಹಾಕಿ ಓಡಾಡಬೇಕು? ಪರಿವಾಹನ್ ಪೋರ್ಟಲ್‌ನಲ್ಲಿ ಹೆಚ್ಚುಕಮ್ಮಿ ಇಡೀ ದೇಶದ ಆರ್‌ಸಿ ಕುಳಿತಿದೆ. ಉಳಿದ ತೆರಿಗೆಯನ್ನು ಅದೇ ಪೋರ್ಟಲ್ ಮೂಲಕ ಹೊಸ ರಾಜ್ಯದ ಲೆಕ್ಕಕ್ಕೆ ಜಮಾ ಮಾಡಿಬಿಟ್ಟರೆ ಸಾಕು, ಬಾಕಿ ವ್ಯತ್ಯಾಸ ಎಷ್ಟೋ ಅಷ್ಟನ್ನು ಜನ ಕಟ್ಟುತ್ತಾರೆ.