ನನ್ನ ಫೈಲು, ಅವರ ಹೆಸರು

ಇವತ್ತು ಚಿಕ್ಕಮಗಳೂರಿನಲ್ಲಿ ಗಣಿತ ಶಿಕ್ಷಕರ ತರಬೇತಿ. ಒಬ್ಬ ಮೇಷ್ಟ್ರು ಪ್ರೊಜೆಕ್ಟರ್ ಹಾಕಿ, "ನಾನೇ ಮಾಡಿದ ಎಕ್ಸೆಲ್ ಫೈಲು, ಬರೀ ಮುನ್ನೂರು ರೂಪಾಯಿ" ಅಂದರು. ನೋಡಿದರೆ ನನ್ನದೇ! ಎಫ್9 ಒತ್ತಿದರೆ ಅಂಕಿ ಬದಲಾಗುವ ಅದೇ ಸಮೀಕರಣದ ಲೆಕ್ಕಗಳು. ಹಾಸನದ ಆಲೂಗಡ್ಡೆ ಮೂಟೆ, ಮೂಡಿಗೆರೆ ಕಾಫಿ, ಅಂಗಡಿ ಶಾರದಕ್ಕ, ಎಲ್ಲರೂ ಇದ್ದರು. ನಾನೊಬ್ಬಳೇ ಇರಲಿಲ್ಲ.

"ಪಾಸ್‌ವರ್ಡ್ ಹಾಕ್ಬೇಕಿತ್ತು ಮೇಡಂ" ಅಂತ ಪಕ್ಕದವರ ಉಪದೇಶ ಬೇರೆ. ಹಾಕಿದ್ದೆ ಸ್ವಾಮಿ! ಶೀಟಿಗೆ ಹಾಕುವ ಪಾಸ್‌ವರ್ಡ್ ಬರೀ ಕೈತಪ್ಪಿ ಸೂತ್ರ ಅಳಿಸದಿರಲಿ ಅಂತ ಇರೋದು. ಅದು ಭದ್ರತೆಗಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು, ಅಂದರೆ ಈಗಿನ ಮಾಮೂಲಿ ಎಕ್ಸೆಲ್ ಫೈಲು, ಹಲವು ಫೈಲು ಒಟ್ಟಿಗೆ ಕಟ್ಟಿದ ಒಂದು ಜಿಪ್ ಗಂಟು. ಬಿಚ್ಚಿ ಒಳಗಿನ ಒಂದು ಸಾಲು ಅಳಿಸಿದರೆ ಬೀಗ ಹೋಯಿತು. ಮ್ಯಾಕ್ರೋ, ಅಂದರೆ ಫೈಲಿನೊಳಗೆ ಬರೆದಿಡುವ ಪುಟ್ಟ ಪ್ರೋಗ್ರಾಮು, ಅದರ ಪಾಸ್‌ವರ್ಡಿನ ಕಥೆಯೂ ಇಷ್ಟೇ, ಸುಲಭವಾಗಿ ಮುರಿಯಬಹುದು. ಫೈಲು ತೆರೆಯಲಿಕ್ಕೇ ಕೇಳುವ ಪಾಸ್‌ವರ್ಡ್ ಮಾತ್ರ ಗಟ್ಟಿ, ಅದು ಇಡೀ ಫೈಲನ್ನೇ ಗೂಢಲಿಪಿ ಮಾಡುತ್ತದೆ. ಆದರೆ ಮಕ್ಕಳಿಗೆ ಅದನ್ನು ಹೇಳಲೇಬೇಕಲ್ಲ! ಹೇಳಿದ ಮೇಲೆ ಊರಿಗೆಲ್ಲ ಗೊತ್ತು.

ಕಾನೂನು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಮು, ಕೋಷ್ಟಕ ಎಲ್ಲವೂ ಸಾಹಿತ್ಯ ಕೃತಿಯೇ. ಹಾಗಾಗಿ ನಾನೂ ಸಾಹಿತಿ, ಸಮ್ಮೇಳನಕ್ಕೆ ಕರೆಯಿರಿ! ಕದ್ದ ಪ್ರೋಗ್ರಾಮು ಅಂತ ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಅಂತ 63ಬಿ ಕಲಂ ಹೇಳುತ್ತದೆ. ಮುನ್ನೂರು ರೂಪಾಯಿಗೆ ಕೋರ್ಟು ಹತ್ತುವವರು ಯಾರು?

"ವಿದ್ಯೆ ಎಲ್ಲರದ್ದು, ಹಂಚಿಕೊಂಡರೆ ತಪ್ಪೇನು?" ಅನ್ನುವವರು ಬಂದೇ ಬರ್ತೀರಿ. ನಾನು ಹಂಚಿದ್ದು ಪುಕ್ಕಟೆ. ಮಾರಿದವರು ಅವರು. ಪಾಠ ಅವರಿಗೇ ಹೇಳಿ, ನನಗಲ್ಲ. ಅಷ್ಟಕ್ಕೂ ದುಡ್ಡು ಹಾಳಾಗಲಿ, ಹೆಸರು ಯಾಕೆ ಒರೆಸಬೇಕಿತ್ತು? ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸುಮ್ನೆ ಕೂತಿತ್ತಪ್ಪ, ಯಾರಿಗೆ ಏನು ತೊಂದರೆ ಮಾಡಿತ್ತು?

ನಿಜ ಹೇಳಲಾ? ಸಭೆಯಲ್ಲಿ "ಎಷ್ಟು ಚೆನ್ನಾಗಿದೆ" ಅಂತ ಎಲ್ಲರೂ ಅಂದಾಗ ಒಳಗೊಳಗೇ ಖುಷಿಯಾಯಿತು. ಅದಕ್ಕೇ ಹೊಟ್ಟೆಯುರಿ ಜಾಸ್ತಿ.

ಹತ್ತನೇ ತರಗತಿಯ ಫೈಲು ತಯಾರಾಗಿದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಾಸು ಬೇಡ. ಒಬ್ಬೊಬ್ಬರಿಗೂ ಅವರವರ ಶಾಲೆಯ ಹೆಸರು ಸೇರಿಸಿ ಕಳಿಸುತ್ತೇನೆ. ಎಲ್ಲೆಲ್ಲಿ ಸೇರಿಸಿದ್ದೇನೆ ಅಂತ ಮಾತ್ರ ಕೇಳಬೇಡಿ.