ಪ್ಲಾಸ್ಟಿಕ್ ಉಗುರು, ಬಾಕಿ ಸಂಬಳ

ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರನ್ನು ಮೆಚ್ಚಲೇಬೇಕು. ಹುಲಿಗೆಂದು ಬೋನು ಇಟ್ಟಾಯಿತು, ಹುಲಿ ಬರಲಿಲ್ಲ. ಸರ್ಕಾರದ ಬೋನು ಸುಮ್ನೆ ಯಾಕೆ ಖಾಲಿ ಬಿದ್ದಿರಬೇಕು ಅಂತ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಒಳಗೆ ಹಾಕಿ ಬಾಗಿಲು ಎಳೆದರು. 2025ರ ಸೆಪ್ಟೆಂಬರ್‌ನ ಆ ವಿಡಿಯೊ ನೋಡಿ ನಾವೂ ನಕ್ಕೆವು. ಆದರೆ ಒಳಗೆ ನಿಂತಿದ್ದವರು ಹುಲಿ ಹುಡುಕಲು ಬಂದವರು. ದೊಡ್ಡ ಸಾಹೇಬರು ಯಾವ ಬೋನಿಗೂ ಬೀಳುವುದಿಲ್ಲ. ಆಡು ಕಟ್ಟಿ ಕಾದರೂ ಅಷ್ಟೆ, ಅವರಿಗೆ ಮೀಟಿಂಗ್ ಇರುತ್ತದೆ.

ಹಾಗಂತ ನಮಗೆ ಹುಲಿ ಮೇಲೆ ಪ್ರೀತಿ ಇಲ್ಲ ಅನ್ನಬೇಡಿ. 2018ರ ಗಣತಿಯಲ್ಲಿ ಮಧ್ಯಪ್ರದೇಶಕ್ಕೆ 526, ನಮಗೆ 524. ಎರಡೇ ಎರಡು ಹುಲಿಯಲ್ಲಿ ಫಸ್ಟ್ ರ‍್ಯಾಂಕ್ ತಪ್ಪಿದ ಮನೆಯ ಹಾಗೆ ಸಂಕಟಪಟ್ಟೆವು. 2022ರಲ್ಲಿ ನಮ್ಮದು 563ಕ್ಕೆ ಏರಿತು, ಅವರದ್ದು 785. ಆಮೇಲೆ ಆ ಮಾತು ಯಾರೂ ಜಾಸ್ತಿ ಎತ್ತಲಿಲ್ಲ.

ಪ್ರೀತಿ ಕತ್ತಿನಲ್ಲೂ ಇತ್ತು. 2023ರ ಅಕ್ಟೋಬರ್ ನೆನಪಿದೆ ಅಲ್ವಾ? ಟೀವಿ ಶೋ ನಡೆಯುತ್ತಿರುವಾಗಲೇ ಒಬ್ಬರನ್ನು ಹುಲಿ ಉಗುರಿನ ಲಾಕೆಟ್ಟಿಗಾಗಿ ಹಿಡಿದುಕೊಂಡು ಹೋದರು. ರಾತ್ರಿ ಕಳೆಯುವುದರೊಳಗೆ ಎಷ್ಟೋ ಕತ್ತು ಬೋಳಾದವು. ಕೇಳಿದರೆ, "ಪ್ಲಾಸ್ಟಿಕ್ಕು ಸಾರ್, ಒರಿಜಿನಲ್ ಅಲ್ಲ." ಬಂಗಾರದಲ್ಲಿ ಪ್ಲಾಸ್ಟಿಕ್ ಕಟ್ಟಿಸಿಕೊಂಡು ಓಡಾಡುವ ಸರಳಜೀವಿಗಳು ನಮ್ಮ ನಡುವೆ ಇಷ್ಟು ಜನ ಇದ್ದಾರೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ! ಉಗುರು ಕಟ್ಟಿಕೊಂಡರೆ ಧೈರ್ಯ ಬರುತ್ತದಂತೆ. ಇಲಾಖೆಯವರು ಬಾಗಿಲು ತಟ್ಟಿದಾಗ ಅದು ಎಲ್ಲಿ ಹೋಯಿತೋ.

ಈಗ ಬೆಂಗಳೂರಿನ ಬುದ್ಧಿವಂತರ ಪ್ರಶ್ನೆ: ಹುಲಿ ಇದ್ದರೆ ನಮಗೇನು ಲಾಭ? ಸ್ವಾಮಿ, ನಲ್ಲಿ ತಿರುಗಿಸಿ. ಬಂಡೀಪುರ, ನಾಗರಹೊಳೆ ಕಾಡಿನ ಹಳ್ಳಗಳು ಕಬಿನಿಗೆ ಇಳಿಯುತ್ತವೆ. ಕಬಿನಿ ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತದೆ. ಅದನ್ನೇ ತೊರೆಕಾಡನಹಳ್ಳಿಯಿಂದ ನಿಮ್ಮ ಮನೆಗೆ ಪಂಪ್ ಮಾಡುವುದು. ಹುಲಿ ಇದೆ ಅಂತ ಆ ಕಾಡಿಗೆ ಒಂದಿಷ್ಟು ಕಾನೂನಿನ ಕಾವಲಿದೆ, ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತದೆ. ಹುಲಿ ಹೋದರೆ ಹಂದಿ, ಜಿಂಕೆ ಹೊಲಕ್ಕೆ ಬರುತ್ತವೆ, ರೆಸಾರ್ಟು ಕಾಡಿಗೆ ಹೋಗುತ್ತದೆ.

ನೀರು ನಮಗೆ. ಬಿಲ್ ಮಾತ್ರ ಕಾಡಂಚಿನವರಿಗೆ, ಅದೂ ಹಸುವಿನ ಲೆಕ್ಕದಲ್ಲಿ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಹಸು ಕಳೆದುಕೊಂಡ ಸಿಟ್ಟು ವಿಷವಾಗಿ ಹೊರಬಂತು. ಹುಲಿ ಕೊಂದ ಹಸುವಿನ ಮೈಗೆ ವಿಷ ಸುರಿದಿದ್ದರು. ತಿಂದ ತಾಯಿ ಹುಲಿ ಸತ್ತಿತು, ಜೊತೆಗೆ ನಾಲ್ಕು ಮರಿಗಳೂ. ವಿಷ ಹಾಕಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದಕ್ಕೆ ಕೆಲವೇ ದಿನ ಮೊದಲು ಅದೇ ಬೆಟ್ಟದ ಹೊರಗುತ್ತಿಗೆ ವಾಚರ್‌ಗಳು ಸಂಬಳ ಕೊಡಿ ಅಂತ ಪ್ರತಿಭಟನೆಗೆ ಕೂತಿದ್ದರು. ತಿಂಗಳುಗಟ್ಟಲೆ ದುಡ್ಡು ಬಂದಿರಲಿಲ್ಲ. ಹುಲಿ ಸತ್ತ ಮೇಲೆ ತನಿಖಾ ತಂಡ ತಕ್ಷಣ ತಯಾರು. ಕಾಡು ಕಾಯುವವರ ಸಂಬಳಕ್ಕೆ ಈ ಅವಸರ ಯಾಕಿರಲಿಲ್ಲ? ಮನೆಯಲ್ಲಿ ಅಕ್ಕಿ ಡಬ್ಬ ಖಾಲಿ, ಕೈಯಲ್ಲೊಂದು ಕೋಲು, ಮುಂದೆ ಆನೆ ಓಡಾಡುವ ದಾರಿ. ಆ ಮನುಷ್ಯ ಹುಲಿಯನ್ನು ಕಾಯಬೇಕೋ, ಸಂಬಳಕ್ಕೆ ಕಾಯಬೇಕೋ?