ಕ್ವಾರ್ಟ್ಜ್ ಎಚ್‌ಎಂಟಿಗೂ ಗೊತ್ತಿತ್ತು

ಹೊಸ ತಂತ್ರಜ್ಞಾನ ಗೊತ್ತಿಲ್ಲದೆ ಎಚ್‌ಎಂಟಿ ಕೈಗಡಿಯಾರ ಮುಳುಗಿತು ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಅದು ನಿಜವಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿದ ಸರ್ಕಾರಿ ಕಂಪನಿ ಎಚ್‌ಎಂಟಿ, ಟೈಟಾನ್ ಹುಟ್ಟುವ ಮೊದಲೇ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರವನ್ನೂ ಮಾರುಕಟ್ಟೆಗೆ ತಂದಿತ್ತು. ವಿದ್ಯೆ ಕೈಯಲ್ಲೇ ಇತ್ತು.

ಸ್ವಿಟ್ಜರ್ಲೆಂಡಿನದೂ ಇದೇ ಕಥೆ. ಅಲ್ಲಿನ ನ್ಯೂಶಾಟೆಲ್‌ನ ಸಂಶೋಧನಾ ಕೇಂದ್ರ 1967ರಲ್ಲೇ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ತಯಾರಿಸಿತ್ತು. ಆದರೆ 1969ರ ಡಿಸೆಂಬರ್ 25ರಂದು ಕ್ವಾರ್ಟ್ಜ್ ಕೈಗಡಿಯಾರವನ್ನು ಮೊದಲು ಅಂಗಡಿಗೆ ತಂದದ್ದು ಜಪಾನಿನ ಸೀಕೊ ಕಂಪನಿ. ಕ್ವಾರ್ಟ್ಜ್ ಗಡಿಯಾರದಲ್ಲಿ ಸಮಯ ಅಳೆಯುವುದು ಬ್ಯಾಟರಿಯ ಬಲದಿಂದ ಕಂಪಿಸುವ ಸ್ಫಟಿಕದ ಚೂರು. ಅದಕ್ಕೆ ಕೀಲಿ ಕೊಡಬೇಕಾಗಿಲ್ಲ. ಕೀಲಿ ಗಡಿಯಾರದ ಗತಿಯನ್ನು ಹಿಡಿದಿಡುವ ಸಣ್ಣ ಸುರುಳಿಯಾದ ಹೇರ್‌ಸ್ಪ್ರಿಂಗ್ ಹೊಂದಿಸುವ ಕುಶಲ ಕೈಗಳೂ ಬೇಕಾಗಿಲ್ಲ. ಗೆದ್ದವರಿಗೆ ಕಷ್ಟವಾಗುವುದು ಇಲ್ಲಿಯೇ. ಹೊಸದನ್ನು ನೆಚ್ಚಿದರೆ ತಮ್ಮದೇ ಯಂತ್ರಗಳು, ತಮ್ಮದೇ ಕುಶಲತೆ ಬೆಲೆ ಕಳೆದುಕೊಳ್ಳುತ್ತವೆ. ಕೀಲಿ ಕೊಡುವ ಎಚ್‌ಎಂಟಿ ಗಡಿಯಾರಗಳಿಗೆ ಬೇಡಿಕೆ ಜೋರಾಗಿದ್ದಾಗ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯಿರಿ ಎಂದು ಹೇಳುವ ಎದೆಗಾರಿಕೆ ಯಾರಿಗಿರುತ್ತದೆ?

ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಕಟ್ಟಿದ ಟೈಟಾನ್‌ಗೆ ಕಾಯ್ದುಕೊಳ್ಳಬೇಕಾದ ಹಳೆಯದೇನೂ ಇರಲಿಲ್ಲ. ಜೆರ್ಕ್ಸೆಸ್ ದೇಸಾಯಿ ಅವರ ಮುಂದಾಳತ್ವದಲ್ಲಿ ಹೊಸೂರಿನ ಕಾರ್ಖಾನೆ ಕ್ವಾರ್ಟ್ಜ್ ಮೇಲೆಯೇ ನಿಂತಿತು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಹೊಸತನ ಗಡಿಯಾರದ ಒಳಗಿರಲಿಲ್ಲ. ಗಡಿಯಾರವನ್ನು ಒಡವೆಯಂತೆ ನೋಡಿ ಆರಿಸುವ ಮಳಿಗೆ, ಮೊಜಾರ್ಟ್ ಸಂಗೀತದ ಜಾಹೀರಾತು, ಮದುವೆಗೂ ಹುಟ್ಟುಹಬ್ಬಕ್ಕೂ ಕೊಡಬಹುದಾದ ಉಡುಗೊರೆ ಎಂಬ ಭಾವನೆ, ಇವೆಲ್ಲ ಸೇರಿದ್ದರಿಂದಲೇ ಕ್ವಾರ್ಟ್ಜ್‌ಗೆ ಜನರ ಮಣಿಕಟ್ಟಿನಲ್ಲಿ ಜಾಗ ಸಿಕ್ಕಿತು. ಮುಂದೆ ಕ್ವಾರ್ಟ್ಜ್ ಎಲ್ಲರ ಬಳಿಯೂ ಸಿಗುವಂತಾದಾಗ ಟೈಟಾನ್ ಅಲ್ಲಿಗೇ ನಿಲ್ಲಲಿಲ್ಲ. 2002ರಲ್ಲಿ ಕೇವಲ 3.5 ಮಿಲಿಮೀಟರ್ ದಪ್ಪದ ಎಡ್ಜ್ ಎಂಬ ಕೈಗಡಿಯಾರ ತಂದಿತು.

ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಸರ್ಕಾರಿ ನೌಕರರು ಸೋಮಾರಿಗಳು, ಅದಕ್ಕೇ ಹೀಗಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೂದಲೆಳೆಯಂಥ ಸ್ಪ್ರಿಂಗನ್ನು ಜೋಡಿಸಬಲ್ಲವರಿಗೆ ಹೊಸ ಕೆಲಸ ಕಲಿಯುವುದು ಕಷ್ಟವಾಗುತ್ತಿರಲಿಲ್ಲ. ಕಲಿಸುವ ಹಣವನ್ನು, ಹೊಸ ವಿನ್ಯಾಸದ ಹಣವನ್ನು ಗಡಿಯಾರಗಳು ಚೆನ್ನಾಗಿ ಮಾರಾಟವಾಗುತ್ತಿದ್ದ ದಿನಗಳಲ್ಲೇ ಎತ್ತಿಡಬೇಕಿತ್ತು. ಆ ತೀರ್ಮಾನ ಕಾರ್ಮಿಕರ ಕೈಯಲ್ಲಿರಲಿಲ್ಲ.